ರಿಜಿಸ್ಟರ್ ಮದುವೆ ಯಹೂದಿ ಧರ್ಮಶಾಸ್ತ್ರದಲ್ಲಿ ಮದುವೆಯೇ?

ಸರ್ಕಾರಿ ಅಧಿಕಾರಿಯ ಎದುರು ಸಹಿ ಹಾಕಿ ಮದುವೆಯಾದ ಯಹೂದಿ ಹೆಣ್ಣು-ಗಂಡು ಹಲಾಖಾದ ಪ್ರಕಾರ, ಅಂದರೆ ಯಹೂದಿ ಧರ್ಮಶಾಸ್ತ್ರದ ಪ್ರಕಾರ, ಗಂಡ-ಹೆಂಡತಿಯೇ? ಸಂಪ್ರದಾಯನಿಷ್ಠ ಆರ್ಥೊಡಾಕ್ಸ್ ಪಂಥದ ಬಹುಪಾಲು ಧರ್ಮಪಂಡಿತರ ಉತ್ತರ ‘ಅಲ್ಲ’ ಎಂದೇ. ಆದರೆ ಅದೇ ಜೋಡಿ ಬೇರೆಯಾಗಲು ಹೊರಟಾಗ ಅದೇ ಪಂಡಿತರು, ಸಾಧ್ಯವಿದ್ದರೆ ಧಾರ್ಮಿಕ ವಿಚ್ಛೇದನ ಪತ್ರವನ್ನೂ ಮಾಡಿಸಿಕೊಳ್ಳಿ ಅನ್ನುತ್ತಾರೆ. ಮದುವೆಯೇ ಆಗಿಲ್ಲ ಅಂದಮೇಲೆ ವಿಚ್ಛೇದನ ಯಾಕೆ? ಈ ಎರಡು ಮಾತುಗಳ ನಡುವೆ ಏನಿದೆ ಎಂಬುದು ತಿಳಿದರೆ ಇಡೀ ವಿಷಯ ತಿಳಿದಂತೆ.

ಈ ಪ್ರಶ್ನೆ ಕೇಳುವವರು ಸಾಮಾನ್ಯವಾಗಿ ‘ಮಾನ್ಯ’ ಅಂದರೆ ಗೌರವ, ‘ಅಮಾನ್ಯ’ ಅಂದರೆ ಅವಮಾನ ಅಂದುಕೊಂಡಿರುತ್ತಾರೆ. ಹಲಾಖಾದಲ್ಲಿ ಲೆಕ್ಕ ಹೆಚ್ಚುಕಡಿಮೆ ಉಲ್ಟಾ. ಮದುವೆ ಮಾನ್ಯವಾದರೆ ಅದನ್ನು ಬಿಡಿಸಲು ಎರಡೇ ದಾರಿ. ಒಂದು, ಗಂಡನ ಸಾವು. ಇನ್ನೊಂದು, ಗಂಡ ತನ್ನ ಇಚ್ಛೆಯಿಂದ ಹೆಂಡತಿಯ ಕೈಗೆ ಕೊಡುವ ‘ಗೆಟ್’ ಎಂಬ ವಿಚ್ಛೇದನ ಪತ್ರ. ಸರ್ಕಾರಿ ನ್ಯಾಯಾಲಯದ ಡಿಕ್ರಿ ಇಲ್ಲಿ ಲೆಕ್ಕಕ್ಕಿಲ್ಲ. ಗೆಟ್ ಸಿಗದ ಹೆಂಗಸು ಇಪ್ಪತ್ತು ವರ್ಷ ದೂರವಿದ್ದರೂ ಅವನ ಹೆಂಡತಿಯೇ. ಹಾಗೆ ಸಿಕ್ಕಿಕೊಂಡವಳನ್ನು ಅಗುನಾ, ಕಟ್ಟಿಹಾಕಲ್ಪಟ್ಟವಳು, ಎಂದು ಕರೆಯುತ್ತಾರೆ. ಆ ಸ್ಥಿತಿಯಲ್ಲಿ ಅವಳಿಗೆ ಬೇರೊಬ್ಬ ಯಹೂದಿ ಗಂಡಸಿನಿಂದ ಮಗು ಹುಟ್ಟಿದರೆ ಆ ಮಗು ‘ಮಮ್ಝೇರ್’. ಮಮ್ಝೇರ್ ಇನ್ನೊಬ್ಬ ಮಮ್ಝೇರನ್ನೋ ಮತಾಂತರವಾಗಿ ಬಂದವರನ್ನೋ ಬಿಟ್ಟು ಬೇರೆ ಯಹೂದಿಯನ್ನು ಮದುವೆಯಾಗುವಂತಿಲ್ಲ, ಮತ್ತು ಆ ನಿರ್ಬಂಧ ಮಕ್ಕಳು, ಮೊಮ್ಮಕ್ಕಳಿಗೂ ಇಳಿಯುತ್ತದೆ. ಗಂಡನಿಗೆ ಇಷ್ಟು ತೊಡಕಿಲ್ಲ. ಗೆಟ್ ಕೊಡದೆ ಅವನು ಇನ್ನೊಬ್ಬಳನ್ನು ಮದುವೆಯಾದರೆ, ಎರಡನೇ ಹೆಂಡತಿ ಕೂಡದು ಎಂದು ಸುಮಾರು ಸಾವಿರ ವರ್ಷದ ಹಿಂದೆ ರಬ್ಬೇನು ಗೆರ್ಶೋಮ್ ಎಂಬ ಪಂಡಿತರು ಹೊರಡಿಸಿದ ಬಹಿಷ್ಕಾರದ ಆಜ್ಞೆಯನ್ನು ಮೀರಿದಂತಾಗುತ್ತದೆ, ಆದರೆ ಅವನ ಮಕ್ಕಳಿಗೆ ಮಮ್ಝೇರ್ ಪಟ್ಟ ಬರುವುದಿಲ್ಲ. ಭಾರವೆಲ್ಲ ಹೆಂಗಸಿನ ಮೇಲೆ.

ಆದ್ದರಿಂದ ‘ರಿಜಿಸ್ಟರ್ ಮದುವೆ ಮದುವೆಯಲ್ಲ’ ಎಂಬ ತೀರ್ಪು ಯಾರನ್ನೋ ಹೀಯಾಳಿಸಲು ಹುಟ್ಟಿದ್ದಲ್ಲ. ಗೆಟ್ ಕೊಡದೆ ಹೋದ, ಕಾಣೆಯಾದ, ಕೊಡೆನೆಂದು ಹಟ ಹಿಡಿದ ಗಂಡಸರಿಂದ ಹೆಂಗಸರನ್ನು ಬಿಡಿಸಲು, ಅವರ ಎರಡನೇ ಮದುವೆಯ ಮಕ್ಕಳನ್ನು ಕಾಪಾಡಲು ಆ ತೀರ್ಪನ್ನು ಶತಮಾನಗಳಿಂದ ಬಳಸಿಕೊಂಡು ಬಂದಿದ್ದಾರೆ. ಇನ್ನೊಂದು ತಪ್ಪು ಗ್ರಹಿಕೆಯನ್ನೂ ಇಲ್ಲೇ ಸರಿಪಡಿಸಬೇಕು. ರಿಜಿಸ್ಟರ್ ಮದುವೆಯಾದ ಜೋಡಿಗೆ ಹುಟ್ಟಿದ ಮಕ್ಕಳು ಮಮ್ಝೇರ್ ಅಲ್ಲವೇ ಅಲ್ಲ. ಮದುವೆಯಿಲ್ಲದೆ ಹುಟ್ಟುವುದು ಹಲಾಖಾದಲ್ಲಿ ಕಳಂಕವಲ್ಲ. ಬೇರೊಬ್ಬನ ಹೆಂಡತಿಯಾಗಿರುವವಳಲ್ಲಿ ಅಥವಾ ನಿಷಿದ್ಧ ರಕ್ತಸಂಬಂಧದಲ್ಲಿ ಹುಟ್ಟಿದವರಿಗೆ ಮಾತ್ರ ಆ ಹೆಸರು. ಆತಂಕ ಪಡಬೇಕಾದ್ದು ಮೊದಲ ಜೋಡಿಯ ಮಕ್ಕಳ ಬಗ್ಗೆ ಅಲ್ಲ, ಆಕೆಯ ಮುಂದಿನ ಮದುವೆಯ ಮಕ್ಕಳ ಬಗ್ಗೆ.

ಈಗ ಮೂಲಕ್ಕೆ ಬರೋಣ. ಹೆಂಗಸು ಹೆಂಡತಿಯಾಗುವ ಕ್ರಿಯೆಗೆ ‘ಕಿದ್ದುಶಿನ್’ ಎಂದು ಹೆಸರು. ಯಹೂದಿ ಧರ್ಮನಿಯಮಗಳ ಪ್ರಾಚೀನ ಸಂಗ್ರಹವಾದ ಮಿಶ್ನಾದ ಕಿದ್ದುಶಿನ್ ಭಾಗದ ಮೊದಲ ಸಾಲೇ ಅದಕ್ಕೆ ಮೂರು ದಾರಿ ಹೇಳುತ್ತದೆ: ಹಣ, ಪತ್ರ, ದೇಹಸಂಬಂಧ. ಹಣವೆಂದರೆ ಕನಿಷ್ಠ ಒಂದು ಪೆರುಟಾ ಬೆಲೆಯ ವಸ್ತು. ಇಂದಿನ ಲೆಕ್ಕದಲ್ಲಿ ಅದು ಸುಮಾರು 0.025 ಗ್ರಾಂ ಬೆಳ್ಳಿ, ಅಂದರೆ ಏನೂ ಅಲ್ಲದಷ್ಟು. ಈಗ ಎಲ್ಲ ಕಡೆ ಉಂಗುರ ಬಳಸುತ್ತಾರೆ. ಅದು ಗಂಡಿನ ಸ್ವಂತದ್ದಾಗಿರಬೇಕು, ಬೆಲೆಯ ಬಗ್ಗೆ ಗೊಂದಲ ಬಾರದಂತೆ ಕಲ್ಲಿಲ್ಲದ್ದಾಗಿರಬೇಕು. ‘ಈ ಉಂಗುರದ ಮೂಲಕ ಮೋಶೆ ಮತ್ತು ಇಸ್ರೇಲಿನ ಧರ್ಮದಂತೆ ನೀನು ನನಗೆ ಮೀಸಲಾದವಳು’ ಎಂಬ ಅರ್ಥದ ಹೀಬ್ರೂ ಮಾತು ಹೇಳಿ ಅವನು ಅದನ್ನು ಅವಳ ಬೆರಳಿಗೆ ತೊಡಿಸುತ್ತಾನೆ. ಹೀಬ್ರೂವೇ ಆಗಬೇಕೆಂದಿಲ್ಲ, ಇಬ್ಬರಿಗೂ ಅರ್ಥವಾಗುವ ಯಾವ ಭಾಷೆಯಾದರೂ ನಡೆಯುತ್ತದೆ. ಈ ವಿವರವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ಷರತ್ತು ಸಾಕ್ಷಿಗಳದ್ದು. ಇಬ್ಬರು ವಯಸ್ಕ ಯಹೂದಿ ಗಂಡಸರು ಬೇಕು. ಅವರು ಸಬ್ಬಾತ್, ಅಂದರೆ ಶನಿವಾರದ ವಿಶ್ರಾಂತಿಯ ನಿಯಮ, ಪಾಲಿಸುವವರಾಗಿರಬೇಕು, ಹೆಣ್ಣು-ಗಂಡಿಗಾಗಲಿ ಪರಸ್ಪರರಿಗಾಗಲಿ ಹತ್ತಿರದ ಸಂಬಂಧಿಗಳಾಗಿರಬಾರದು. ಸಾಲ ಕೊಟ್ಟು ತೆಗೆದುಕೊಳ್ಳುವಾಗ ಸಾಕ್ಷಿ ಬೇಕಾಗುವುದು ಆಮೇಲೆ ಜಗಳ ಬಂದರೆ ರುಜುವಾತಿಗೆ. ಕಿದ್ದುಶಿನ್‌ನಲ್ಲಿ ಹಾಗಲ್ಲ, ಸಾಕ್ಷಿಗಳಿಂದಲೇ ಕ್ರಿಯೆ ಆಗುವುದು. ಸಾಕ್ಷಿಯಿಲ್ಲದೆ ಉಂಗುರ ತೊಡಿಸಿದ್ದರೆ, ಇಬ್ಬರೂ ‘ಹೌದು, ತೊಡಿಸಿದೆ, ತೊಡಿಸಿಕೊಂಡೆ’ ಎಂದು ಒಪ್ಪಿಕೊಂಡರೂ, ಅಲ್ಲಿ ಮದುವೆ ನಡೆದೇ ಇಲ್ಲ. ಇದು ಮಿಶ್ನಾದ ಮೇಲಿನ ಚರ್ಚೆಗಳ ಮಹಾಗ್ರಂಥವಾದ ತಾಲ್ಮುದಿನ ಸ್ಪಷ್ಟ ತೀರ್ಮಾನ. ಕೆತುಬಾ ಎಂಬ ಒಪ್ಪಂದ ಪತ್ರ, ಖುಪ್ಪಾ ಎಂಬ ಚಪ್ಪರ, ಏಳು ಆಶೀರ್ವಾದ, ಹತ್ತು ಜನ ಗಂಡಸರ ಸಭೆ, ಇವೆಲ್ಲ ವಿಧಿಗೆ ಸೇರಿದವು, ಆದರೆ ಹೆಂಡತಿಯಾಗಿ ಕಟ್ಟುಬೀಳುವ ಕ್ಷಣ ಉಂಗುರದ್ದು. ರಬ್ಬಿ, ಅಂದರೆ ಯಹೂದಿ ಧರ್ಮಗುರು, ಇಲ್ಲದಿದ್ದರೂ ಕಿದ್ದುಶಿನ್ ಆಗುತ್ತದೆ. ಸರಿಯಾದ ಸಾಕ್ಷಿಗಳಿಲ್ಲದಿದ್ದರೆ ಹತ್ತು ರಬ್ಬಿಗಳು ಹಾಡಿದರೂ ಆಗುವುದಿಲ್ಲ.

ಈ ಅಳತೆಗೋಲನ್ನು ರಿಜಿಸ್ಟ್ರಾರ್ ಕಚೇರಿಗೆ ಒಯ್ದು ನೋಡಿ. ಪತ್ರದ ದಾರಿಯಲ್ಲಿ ಇದು ಸಿಗುವುದಿಲ್ಲ. ಕಿದ್ದುಶಿನ್ ಪತ್ರವನ್ನು ಆ ಹೆಣ್ಣಿಗಾಗಿಯೇ ಬರೆಸಬೇಕು, ‘ನೀನು ನನಗೆ ಮೀಸಲು’ ಎಂಬ ಒಕ್ಕಣೆ ಅದರಲ್ಲಿರಬೇಕು, ಗಂಡು ಅದನ್ನು ಹೆಣ್ಣಿನ ಕೈಗೆ ಕೊಡಬೇಕು. ಸರ್ಕಾರಿ ದಾಖಲೆಗೆ ಇಬ್ಬರೂ ಸಹಿ ಹಾಕುತ್ತಾರೆ, ಅದು ಕಚೇರಿಯ ಪುಸ್ತಕದಲ್ಲೇ ಉಳಿಯುತ್ತದೆ. ಉಂಗುರ ಬದಲಾಯಿಸಿಕೊಂಡರೂ ಅಲ್ಲಿನ ಸಾಕ್ಷಿಗಳು ಸಾಮಾನ್ಯವಾಗಿ ಅಕ್ಕ, ತಮ್ಮ, ಸಹೋದ್ಯೋಗಿ, ಇಲ್ಲವೇ ಯಹೂದಿಯಲ್ಲದ ಗುಮಾಸ್ತ. ಹೀಗೆ ಎರಡು ದಾರಿ ಮುಚ್ಚಿದವು. ವಾದ ಉಳಿಯುವುದು ಮೂರನೆಯದರಲ್ಲಿ.

ದೇಹಸಂಬಂಧದಿಂದ ಮದುವೆ ಮಾಡಿಕೊಳ್ಳುವುದನ್ನು ತಾಲ್ಮುದಿನ ಕಾಲದಲ್ಲೇ ರವ್ ಎಂಬ ಗುರುಗಳು ಅಸಭ್ಯವೆಂದು ಕಂಡು, ಹಾಗೆ ಮಾಡಿದವರಿಗೆ ಛಡಿಯೇಟು ಹಾಕಿಸುತ್ತಿದ್ದರು. ಆದರೆ ಮಾಡಿದರೆ ಅದು ಕಟ್ಟುತ್ತದೆ. ಅದಕ್ಕೆ ಸಾಕ್ಷಿಗಳು ಏನನ್ನೂ ಕಣ್ಣಾರೆ ನೋಡಬೇಕಿಲ್ಲ, ಇಬ್ಬರೂ ಒಂದೇ ಕೋಣೆಗೆ ಹೋದದ್ದನ್ನು ಕಂಡರೆ ಸಾಕು. ಇದರ ಹಿಂದೆ ಮಿಶ್ನಾದ ಒಂದು ಪ್ರಸಂಗ ಇದೆ. ಒಬ್ಬ ಹೆಂಡತಿಗೆ ಗೆಟ್ ಕೊಟ್ಟ. ಆಮೇಲೆ ಇಬ್ಬರೂ ಒಂದೇ ಛತ್ರದಲ್ಲಿ ರಾತ್ರಿ ತಂಗಿದರು. ಶಮ್ಮಾಯಿಯವರ ಪಂಥ ಎರಡನೇ ಗೆಟ್ ಬೇಡ ಅಂದಿತು, ಹಿಲ್ಲೇಲರ ಪಂಥ ಬೇಕು ಅಂದಿತು. ಹಿಲ್ಲೇಲರ ಮಾತೇ ನಿಂತಿತು. ಕಾರಣ: ಗಂಡಸು ತನ್ನ ಸಂಗವನ್ನು ವ್ಯಭಿಚಾರದ ಸಂಗವಾಗಿ ಮಾಡಲು ಬಯಸುವುದಿಲ್ಲ, ಮದುವೆಯ ಉದ್ದೇಶದಿಂದಲೇ ಕೂಡಿರುತ್ತಾನೆ ಎಂಬ ಊಹೆ.

ಈ ಒಂದು ಊಹೆಯ ಮೇಲೆ ರಿಜಿಸ್ಟರ್ ಮದುವೆಯ ಇಡೀ ಚರ್ಚೆ ನಿಂತಿದೆ. ಒಟ್ಟಿಗೆ ಬಾಳುವ, ಊರೆಲ್ಲ ಗಂಡ-ಹೆಂಡತಿ ಎಂದು ಬಲ್ಲ ಜೋಡಿಗೆ ಅದು ಅನ್ವಯಿಸುವುದಾದರೆ, ಊರೇ ಸಾಕ್ಷಿ, ಮದುವೆಯಾದಂತೆಯೇ. ತಾಲ್ಮುದಿನ ನಂತರದ ಗೆಓನೀಮ್ ಪಂಡಿತರಲ್ಲಿ ಕೆಲವರು ಈ ಊಹೆಯನ್ನು ಎಲ್ಲ ಹೆಂಗಸರಿಗೂ ಹಬ್ಬಿಸಿದರು. 12ನೇ ಶತಮಾನದಲ್ಲಿ ರಾಂಬಮ್, ಅಂದರೆ ಮೈಮೊನಿಡೀಸ್, ಅದನ್ನು ಕಟುವಾಗಿಯೇ ತಳ್ಳಿಹಾಕಿದರು. ತಾನೇ ಬಿಟ್ಟ ಹೆಂಡತಿ, ಅಥವಾ ಷರತ್ತು ಹಾಕಿ ಕಿದ್ದುಶಿನ್ ಮಾಡಿಕೊಂಡವಳು, ಇಂಥವರ ವಿಷಯದಲ್ಲಿ ಮಾತ್ರ ಊಹೆ ನಡೆಯುತ್ತದೆ, ಯಾಕೆಂದರೆ ಅಲ್ಲಿ ಮೊದಲೇ ದಾಂಪತ್ಯವಿತ್ತು. ಉಳಿದವರ ವಿಷಯದಲ್ಲಿ ‘ಇದು ಕಿದ್ದುಶಿನ್‌ಗಾಗಿ’ ಎಂದು ಬಾಯಿಬಿಟ್ಟು ಹೇಳದ ಹೊರತು ಏನೂ ಆಗಿಲ್ಲ ಎಂಬುದು ಅವರ ನಿಲುವು.

ನೇರವಾಗಿ ಅನ್ಯವಿಧಿಯ ಮದುವೆಯ ಬಗ್ಗೆ ಬಂದ ತೀರ್ಪುಗಳಲ್ಲಿ ಇಂದಿಗೂ ಎಲ್ಲರೂ ಮೊದಲು ಉದ್ಧರಿಸುವುದು ರಬ್ಬಿ ಇಸಾಕ್ ಬಾರ್ ಶೇಶೆತರದು. ರಿವಾಶ್ ಎಂದೇ ಅವರು ಪ್ರಸಿದ್ಧರು. 1391ರಲ್ಲಿ ಸ್ಪೇನಿನ ನಾಡುಗಳಲ್ಲಿ ಯಹೂದಿಗಳ ಮೇಲೆ ದೊಂಬಿಗಳಾಗಿ ಸಾವಿರಾರು ಜನರನ್ನು ಬಲವಂತವಾಗಿ ಕ್ರೈಸ್ತರನ್ನಾಗಿ ಮಾಡಿದ ಮೇಲೆ ರಿವಾಶ್ ಆಲ್ಜಿಯರ್ಸ್‌ಗೆ ಹೋಗಿ ನೆಲೆಸಿದರು, 1408ರಲ್ಲಿ ಅಲ್ಲೇ ತೀರಿಕೊಂಡರು. ಹಾಗೆ ಮತಾಂತರಗೊಂಡ ಹೆಣ್ಣೊಬ್ಬಳು ಅಂಥದೇ ಗಂಡಸನ್ನು ಪಾದ್ರಿಯ ಎದುರು ಮದುವೆಯಾಗಿದ್ದಳು. ಅವಳು ಗೆಟ್ ಇಲ್ಲದೆ ಬೇರೆಯವನನ್ನು ಮದುವೆಯಾಗಬಹುದೇ ಎಂಬುದು ಪ್ರಶ್ನೆ. ಆಗಬಹುದು ಅಂದರು ರಿವಾಶ್. ಅವರ ವಾದದ ಎಳೆಗಳನ್ನು ಬಿಡಿಸಿ ನೋಡಬೇಕು, ಇಂದಿನ ತೀರ್ಪುಗಳೆಲ್ಲ ಅವನ್ನೇ ನೇಯುತ್ತಿವೆ. ಅನ್ಯವಿಧಿಯಲ್ಲಿ ಮದುವೆಯಾದವರು ತಮ್ಮ ಸಂಬಂಧಕ್ಕೆ ಆ ವಿಧಿಯೇ ಆಧಾರ ಎಂದು ತಾವೇ ತೋರಿಸಿಕೊಟ್ಟಿದ್ದಾರೆ, ಕಿದ್ದುಶಿನ್ ಮಾಡಿಕೊಳ್ಳುವ ಮನಸ್ಸು ಅವರಿಗಿರಲಿಲ್ಲ. ಅರ್ಹ ಸಾಕ್ಷಿಗಳೂ ಇರಲಿಲ್ಲ. ಜೊತೆಗೆ, ಮುಟ್ಟಿನ ನಂತರ ಮಿಕ್ವೆ ಎಂಬ ಶುದ್ಧೀಕರಣದ ಕೊಳದಲ್ಲಿ ಮುಳುಗಿ ಶುದ್ಧಳಾಗದ ಹೆಣ್ಣಿನ ಸಂಗ ಮದುವೆಯಿಲ್ಲದ ಸಂಗಕ್ಕಿಂತ ಎಷ್ಟೋ ದೊಡ್ಡ ಪಾಪ. ದೊಡ್ಡದಕ್ಕೆ ಅಂಜದವನು ಚಿಕ್ಕದಕ್ಕೆ ಅಂಜಿ ಮನಸ್ಸಿನಲ್ಲೇ ಮದುವೆ ಮಾಡಿಕೊಂಡಿರುತ್ತಾನೆ ಎಂದು ಊಹಿಸುವುದು ಹೇಗೆ?

16ನೇ ಶತಮಾನದಲ್ಲಿ ಕ್ರಾಕೊವಿನ ರಬ್ಬಿ ಮೋಶೆ ಇಸ್ಸೆರ್ಲೆಸ್ ಇದನ್ನು ಶುಲ್ಖಾನ್ ಅರೂಖ್ ಎಂಬ ಧರ್ಮಸಂಹಿತೆಗೆ ಬರೆದ ಟಿಪ್ಪಣಿಯಲ್ಲಿ ಸೇರಿಸಿದರು. ಧರ್ಮ ಬಿಟ್ಟ ಗಂಡು-ಹೆಣ್ಣು ಅನ್ಯರ ಕಾನೂನಿನಂತೆ ಮದುವೆಯಾಗಿ ಆಮೇಲೆ ಮರಳಿ ಬಂದರೆ ಅಲ್ಲಿ ಕಿದ್ದುಶಿನ್‌ನ ಶಂಕೆಯೇ ಇಲ್ಲ, ಅವಳು ಗೆಟ್ ಇಲ್ಲದೆ ಹೊರಡಬಹುದು. ಎಬೆನ್ ಹಾಎಜೆರ್ ಭಾಗದ 26ನೇ ಅಧ್ಯಾಯದ ಮೊದಲ ಕಂಡಿಕೆಯಲ್ಲಿ ಅದು ಇದೆ.

ಪಾದ್ರಿಯ ಮದುವೆ ಬೇರೆ, ಯಾವ ಧರ್ಮಕ್ಕೂ ಸೇರದ ಸರ್ಕಾರಿ ಮದುವೆ ಬೇರೆ ಎಂಬ ಪ್ರಶ್ನೆ ಫ್ರಾನ್ಸಿನಲ್ಲಿ 1792ರಲ್ಲಿ ನಾಗರಿಕ ಮದುವೆ ಜಾರಿಗೆ ಬಂದಮೇಲೆ ಎದ್ದಿತು. ನೆಪೋಲಿಯನ್ 1807ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿಸಿದ ಯಹೂದಿ ಸನ್ಹೆದ್ರಿನ್ ಸಭೆ, ಮೊದಲು ಸರ್ಕಾರದ ಮದುವೆ, ಆಮೇಲೆ ಧಾರ್ಮಿಕ ವಿಧಿ ಎಂದು ಒಪ್ಪಿತು. ಇಂದಿಗೂ ಅಲ್ಲಿ ಅದೇ ಕ್ರಮ. ಮೇಯರ್ ಕಚೇರಿಯ ಪ್ರಮಾಣಪತ್ರ ನೋಡದೆ ಧಾರ್ಮಿಕ ಮದುವೆ ಮಾಡಿಸುವುದನ್ನೇ ರೂಢಿ ಮಾಡಿಕೊಂಡ ಪುರೋಹಿತರಿಗೆ 6 ತಿಂಗಳ ಸೆರೆ, 7,500 ಯೂರೋ ದಂಡದವರೆಗೆ ಶಿಕ್ಷೆಯಿದೆ. ಹಾಗಾಗಿ ಫ್ರಾನ್ಸಿನ ಧರ್ಮನಿಷ್ಠ ಯಹೂದಿ ಜೋಡಿ ಖುಪ್ಪಾಕ್ಕೆ ಮುಂಚೆ ಒಂದು ದಿನ ಮೇಯರ್ ಕಚೇರಿಗೆ ಹೋಗುತ್ತದೆ. ಸಹಿ ಹಾಕುತ್ತದೆ, ಸರ್ಕಾರದ ಲೆಕ್ಕದಲ್ಲಿ ಪೂರ್ಣ ದಂಪತಿಯಾಗುತ್ತದೆ, ಆಮೇಲೆ ಅವನು ಅವನ ಮನೆಗೆ, ಅವಳು ಅವಳ ಮನೆಗೆ. ಖುಪ್ಪಾದ ದಿನದವರೆಗೆ ಅವರು ಅವಿವಾಹಿತರಂತೆಯೇ ಇರುತ್ತಾರೆ. ಆ ನಡುವೆ ಸಂಬಂಧ ಮುರಿದರೆ ಸರ್ಕಾರಿ ವಿಚ್ಛೇದನ ಬೇಕಾಗುತ್ತದೆ, ಗೆಟ್ ಬೇಕಾಗುವುದಿಲ್ಲ. ಸಹಿ ತಾನಾಗಿಯೇ ಕಿದ್ದುಶಿನ್ ಅಲ್ಲ ಎಂಬುದಕ್ಕೆ, ನನ್ನ ಮಟ್ಟಿಗೆ, ಯಾವ ಗ್ರಂಥದ ಸಾಲಿಗಿಂತಲೂ ಈ ದಿನಬಳಕೆಯ ನಡವಳಿಕೆ ಗಟ್ಟಿಯಾದ ಪುರಾವೆ. ವಾದಕ್ಕೆ ಜಾಗವಿರುವುದು ಸಹಿಯಲ್ಲಲ್ಲ, ಸಹಿಯ ನಂತರ ವರ್ಷಗಟ್ಟಲೆ ಕೂಡಿ ಬಾಳುವುದರಲ್ಲಿ.

ಆ ವಾದವನ್ನು 20ನೇ ಶತಮಾನದ ಅಮೆರಿಕದಲ್ಲಿ ಇಬ್ಬರು ದೊಡ್ಡವರು ಎರಡು ತುದಿಗೆ ಒಯ್ದರು. ರಬ್ಬಿ ಯೋಸೆಫ್ ಎಲಿಯಾಹು ಹೆಂಕಿನ್ (1881–1973) ಗೆಟ್ ಬೇಕೇ ಬೇಕು ಅಂದರು. ಅವರ ದೃಷ್ಟಿಯಲ್ಲಿ ಕಿದ್ದುಶಿನ್ ಎಂಬ ಹೆಸರಾಗಲಿ ಧಾರ್ಮಿಕ ಭಾವವಾಗಲಿ ಮನಸ್ಸಿನಲ್ಲಿ ಇರಬೇಕೆಂದಿಲ್ಲ. ಗಂಡ-ಹೆಂಡತಿಯಾಗಿ ಬಾಳಬೇಕು ಎಂಬ ಉದ್ದೇಶವಿದ್ದರೆ ಅದೇ ಕಿದ್ದುಶಿನ್‌ನ ಉದ್ದೇಶ. ಎಲ್ಲರ ಕಣ್ಣೆದುರು ಸಂಸಾರ ಹೂಡಿದವರಿಗೆ ಆ ಉದ್ದೇಶವಿರಲಿಲ್ಲ ಎಂದು ಹೇಳುವುದಾದರೂ ಹೇಗೆ ಎಂಬುದು ಅವರ ಪ್ರಶ್ನೆ. ರಬ್ಬಿ ಮೋಶೆ ಫೈನ್‌ಸ್ಟೈನ್ (1895–1986) ಒಪ್ಪಲಿಲ್ಲ. ಬೇಕಾದರೆ ಧಾರ್ಮಿಕ ಮದುವೆ ಸಿಗುವ ಊರಿನಲ್ಲಿದ್ದೂ ಸರ್ಕಾರಿ ಮದುವೆಯೇ ಸಾಕು ಎಂದುಕೊಂಡವರು ಹಲಾಖಾದ ಬಂಧವನ್ನು ಬಯಸಿದವರಲ್ಲ. ತಮ್ಮನ್ನು ದಂಪತಿ ಮಾಡಿದ್ದು ಸರ್ಕಾರ ಎಂದು ನಂಬಿದವರು ಪ್ರತಿ ರಾತ್ರಿ ಹೊಸದಾಗಿ ಮದುವೆ ಮಾಡಿಕೊಳ್ಳುವ ಉದ್ದೇಶ ಇಟ್ಟುಕೊಂಡಿರುವುದಿಲ್ಲ. ಗೆಟ್ ಸಿಗುವಂತಿದ್ದರೆ ತೆಗೆದುಕೊಳ್ಳಲಿ, ಗಂಡ ಕೊಡದಿದ್ದರೆ ಅಥವಾ ಸಿಗದಿದ್ದರೆ ಅವಳನ್ನು ಕಟ್ಟಿಹಾಕಬಾರದು, ಹಾಗೇ ಮದುವೆಯಾಗಲು ಬಿಡಬೇಕು ಎಂದು ಅವರು ತೀರ್ಪಿತ್ತರು. ಬಹುಪಾಲು ಧರ್ಮಪೀಠಗಳು, ಅಂದರೆ ರಬ್ಬಿಗಳ ನ್ಯಾಯಮಂಡಳಿಗಳು, ಇಂದು ನಡೆಯುವುದು ಈ ದಾರಿಯಲ್ಲೇ.

ಹೆಂಕಿನ್‌ರ ಮಾತಿನಲ್ಲಿ ಮನುಷ್ಯಸಂಬಂಧದ ಬಗ್ಗೆ ಒಂದು ಗೌರವವಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದರ ಬೆಲೆ ತೆರುವವಳು ಹೆಂಗಸು. ತಾನು ಯಾವತ್ತೂ ಒಪ್ಪದ ಒಂದು ಬಂಧ, ತನಗೆ ಗೊತ್ತೇ ಇಲ್ಲದ ಒಂದು ನಿಯಮದಿಂದ ತನ್ನ ಕೊರಳಿಗೆ ಬಿದ್ದಿದೆ, ಬಿಚ್ಚುವ ಕೀಲಿ ಮಾತ್ರ ಬಿಟ್ಟುಹೋದ ಗಂಡಸಿನ ಕೈಯಲ್ಲಿದೆ ಎಂದಾಗುತ್ತದೆ. ರಿವಾಶರಿಂದ ಫೈನ್‌ಸ್ಟೈನ್‌ವರೆಗಿನ ಸಾಲು ಹೆಚ್ಚು ನ್ಯಾಯವಾದದ್ದು ಎಂದು ನನ್ನ ದೃಢವಾದ ಅಭಿಪ್ರಾಯ.

ಆದರೂ ಎಲ್ಲ ರಿಜಿಸ್ಟರ್ ಮದುವೆಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಜೋಡಿ ಧರ್ಮನಿಷ್ಠರಾಗಿದ್ದು, ಮಿಕ್ವೆಯ ನಿಯಮ ಪಾಲಿಸುತ್ತಿದ್ದು, ರಬ್ಬಿಯೇ ಇಲ್ಲದ ದೂರದ ಊರಿನಲ್ಲಿ ಅಥವಾ ಧರ್ಮಾಚರಣೆ ಅಪಾಯವಾಗಿದ್ದ ಆಳ್ವಿಕೆಯಲ್ಲಿ ಅನಿವಾರ್ಯವಾಗಿ ಸರ್ಕಾರಿ ದಾಖಲೆ ಮಾತ್ರ ಮಾಡಿಕೊಂಡಿದ್ದರೆ ರಿವಾಶರ ವಾದದ ಎಳೆಗಳು ಒಂದೊಂದಾಗಿ ಕಳಚಿಕೊಳ್ಳುತ್ತವೆ. ಅಂಥ ಕಡೆ ಪೀಠಗಳು ಗೆಟ್ ಬಗ್ಗೆ ಹೆಚ್ಚು ಬಿಗಿ ಹಿಡಿಯುತ್ತವೆ. ಸೋವಿಯತ್ ಒಕ್ಕೂಟದಿಂದ ಬಂದ ಜೋಡಿಗಳ ವಿಷಯದಲ್ಲಿ ಈ ವಿಚಾರಣೆ ಮುಖ್ಯವಾಗುತ್ತದೆ. ಅಲ್ಲಿನ ಕಚೇರಿಯ ಸಹಿಯ ಜೊತೆಗೆ ಅಜ್ಜನ ಮನೆಯಲ್ಲಿ ಬಾಗಿಲು ಹಾಕಿಕೊಂಡು ಖುಪ್ಪಾ ನಡೆದಿತ್ತೇ ಎಂದು ಕೇಳಲೇಬೇಕು. ನಡೆದಿದ್ದರೆ ಅದು ಸರ್ಕಾರಿ ಮದುವೆಯ ಪ್ರಶ್ನೆಯೇ ಅಲ್ಲ.

ಕೆಲಸ ಕೆಡುವುದು ಹೆಚ್ಚಾಗಿ ಉಂಗುರದಲ್ಲಿ. ತೋಟದಲ್ಲೋ ಸಭಾಂಗಣದಲ್ಲೋ ನಡೆಯುವ ಸರ್ಕಾರಿ ಮದುವೆಯನ್ನು ಊಹಿಸಿಕೊಳ್ಳಿ. ಗಂಡು ತಾನು ಕೊಂಡ ಉಂಗುರ ತೊಡಿಸುತ್ತಾ ‘ಈ ಉಂಗುರದಿಂದ ನಿನ್ನನ್ನು ಮದುವೆಯಾಗುತ್ತಿದ್ದೇನೆ’ ಅನ್ನುತ್ತಾನೆ. ಮುಂದಿನ ಸಾಲಿನಲ್ಲಿ ಸಬ್ಬಾತ್ ಪಾಲಿಸುವ ಇಬ್ಬರು ಗೆಳೆಯರು ಕುಳಿತು ನೋಡುತ್ತಿದ್ದಾರೆ. ಭಾಷೆ ಯಾವುದಾದರೂ ಸರಿ ಎಂದು ಆಗಲೇ ನೋಡಿದೆವು. ಮಾತೇ ಆಡದೆ ತೊಡಿಸಿದರೂ, ಅದಕ್ಕೆ ಮುಂಚೆ ಮದುವೆಯ ಮಾತೇ ನಡೆಯುತ್ತಿದ್ದರೆ, ಮೌನವೂ ಸಾಕು ಎಂದು ತಾಲ್ಮುದ್ ಹೇಳುತ್ತದೆ. ಇಲ್ಲಿ ಗಂಭೀರವಾದ ಶಂಕೆ ಹುಟ್ಟಿತು. ಪೀಠ ಮುಂದಕ್ಕೆ ಕೆದಕುತ್ತದೆ: ಆ ಇಬ್ಬರು ತೊಡಿಸಿದ್ದನ್ನು ಕಣ್ಣಾರೆ ಕಂಡರೇ, ಅಥವಾ ಬೆನ್ನು ಅಡ್ಡವಾಗಿತ್ತೇ? ಉಂಗುರ ಯಾರ ದುಡ್ಡಿನದು, ಇಬ್ಬರೂ ಸೇರಿ ಕೊಂಡದ್ದೇ? ಮೊದಲು ಹೆಣ್ಣು ಕೊಟ್ಟಳೇ? ಮಾತಾಡಿದ್ದು ಅವನೋ ಅವಳೋ? ಸಾಕ್ಷಿಗಳೆಂದು ಯಾರನ್ನಾದರೂ ಹೆಸರಿಸಿದ್ದರೇ? ಹೆಸರಿಸದಿದ್ದರೆ ನೋಡಿದವರ ಗುಂಪಿನಲ್ಲಿ ಸಂಬಂಧಿಗಳಿದ್ದದ್ದೂ ತೀರ್ಪನ್ನು ಬದಲಿಸಬಹುದು. ಆದ್ದರಿಂದ ಪೀಠಕ್ಕೆ ಹೋಗುವಾಗ ಸರ್ಕಾರಿ ಪ್ರಮಾಣಪತ್ರದಷ್ಟೇ ಮುಖ್ಯವಾಗಿ ಮದುವೆಯ ವೀಡಿಯೊ, ಅತಿಥಿಗಳ ಪಟ್ಟಿ ಒಯ್ಯಬೇಕು. ಅಧಿಕಾರಿಯ ಮುಂದೆ ಸಹಿ ಮಾತ್ರ ಬೇಕು, ಹಲಾಖಾದ ಬಂಧ ಈಗ ಬೇಡ ಎನ್ನುವವರು ಕಚೇರಿಯಲ್ಲಿ ಉಂಗುರ ಬದಲಾಯಿಸದಿರುವುದು ಒಳ್ಳೆಯದು.

ಸುಧಾರಣಾವಾದಿ ರಿಫಾರ್ಮ್ ಪಂಥದ ರಬ್ಬಿ ನಡೆಸಿದ ಮದುವೆಗೂ ಫೈನ್‌ಸ್ಟೈನ್ ಇದೇ ಸಾಕ್ಷಿಯ ಪರೀಕ್ಷೆ ಹಾಕಿದರು; ಅರ್ಹ ಸಾಕ್ಷಿಗಳಿಲ್ಲದಿದ್ದರೆ ಕಿದ್ದುಶಿನ್ ಇಲ್ಲ. ರಿಫಾರ್ಮ್ ಪಂಥ ತಾನೇ ಸರ್ಕಾರಿ ಮದುವೆಯನ್ನೂ ಸರ್ಕಾರಿ ವಿಚ್ಛೇದನವನ್ನೂ ಒಪ್ಪುತ್ತದೆ. ಆರ್ಥೊಡಾಕ್ಸ್, ರಿಫಾರ್ಮ್ ಎರಡರ ನಡುವಿನ ಕನ್ಸರ್ವೇಟಿವ್ ಪಂಥ ಗೆಟ್ ಕೇಳುತ್ತದೆ. ಇಬ್ಬರಲ್ಲಿ ಒಬ್ಬರು ಯಹೂದಿಯಲ್ಲದಿದ್ದರೆ ಪ್ರಶ್ನೆ ಇನ್ನೂ ಸುಲಭ: ಯಾವ ವಿಧಿಯಲ್ಲಿ ಮಾಡಿದರೂ ಅಲ್ಲಿ ಕಿದ್ದುಶಿನ್ ಹತ್ತುವುದೇ ಇಲ್ಲ, ಗೆಟ್‌ಗೆ ಜಾಗವಿಲ್ಲ, ಮಗು ತಾಯಿಯ ಕಡೆಗೆ ಸೇರುತ್ತದೆ.

ಶಂಕೆಯ ಮೇಲೆ ಕೊಡುವ ಗೆಟ್‌ಗೂ ಪೂರ್ಣ ಮದುವೆಯ ಗೆಟ್‌ಗೂ ಕ್ರಮದಲ್ಲಿ ವ್ಯತ್ಯಾಸವಿಲ್ಲ. ಮೂವರ ಧರ್ಮಪೀಠ, ಒಬ್ಬ ಲಿಪಿಕಾರ, ಇಬ್ಬರು ಸಾಕ್ಷಿಗಳು. ಲಿಪಿಕಾರ ಕಾಗದ, ಲೇಖನಿ, ಶಾಯಿಯನ್ನು ಗಂಡನಿಗೆ ದಾನ ಕೊಡುತ್ತಾನೆ. ಬರೆಯುವ ಸಾಮಗ್ರಿ ಅವನದಾದ ಮೇಲೆ ಅವನು ‘ನನ್ನ ಹೆಂಡತಿಗಾಗಿ ಬರೆ’ ಎಂದು ಆಜ್ಞಾಪಿಸುತ್ತಾನೆ. ಪತ್ರ ಅರಾಮಾಯಿಕ್ ಭಾಷೆಯಲ್ಲಿ 12 ಸಾಲು. ಇಬ್ಬರ ಹೆಸರು, ಅಪ್ಪಂದಿರ ಹೆಸರು, ಕರೆಯುವ ಅಡ್ಡಹೆಸರು, ಊರು, ಊರಿನ ನದಿ ಎಲ್ಲ ತಪ್ಪಿಲ್ಲದೆ ಇರಬೇಕು. ಹೆಸರಿನ ಕಾಗುಣಿತ ತಪ್ಪಿದರೆ ಪತ್ರವೇ ಕೆಡಬಹುದು, ಅದಕ್ಕೇ ಪೀಠ ಅರ್ಧ ಹೊತ್ತನ್ನು ಹೆಸರು ವಿಚಾರಿಸುವುದರಲ್ಲೇ ಕಳೆಯುತ್ತದೆ. ಹೆಣ್ಣು ಬೆರಳಿನ ಉಂಗುರಗಳನ್ನು ತೆಗೆದು ಎರಡೂ ಕೈ ಬೊಗಸೆ ಮಾಡಿ ಹಿಡಿಯುತ್ತಾಳೆ, ಗಂಡ ಮಡಿಸಿದ ಪತ್ರವನ್ನು ಅದರೊಳಗೆ ಬಿಡುತ್ತಾನೆ, ಅವಳು ಅದನ್ನು ಎತ್ತಿ ಹಿಡಿದು ನಾಲ್ಕು ಹೆಜ್ಜೆ ನಡೆಯುತ್ತಾಳೆ. ಆಮೇಲೆ ಪೀಠ ಅದನ್ನು ಮತ್ತೆ ಓದಿ, ಕತ್ತರಿಸಿ ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಅವಳ ಕೈಗೆ ಸಿಗುವುದು ಬಿಡುಗಡೆಯಾಗಿದೆ ಎಂಬ ಪ್ರಮಾಣಪತ್ರ. ಎಲ್ಲ ಸೇರಿ ಒಂದೆರಡು ಗಂಟೆ. ಒಬ್ಬರ ಮುಖ ಒಬ್ಬರು ನೋಡಲಾಗದ ಸ್ಥಿತಿಯಿದ್ದರೆ ಪ್ರತಿನಿಧಿಯ ಕೈಯಲ್ಲಿ ಕಳಿಸಬಹುದು. ಗೆಟ್ ಕೊಟ್ಟ ದಿನ ಮತ್ತು ಮರುಮದುವೆಯ ದಿನ ಬಿಟ್ಟು ನಡುವೆ 90 ದಿನ ಕಳೆಯಬೇಕು, ಹುಟ್ಟುವ ಮಗು ಯಾರದೆಂಬ ಅನುಮಾನ ಬಾರದಿರಲೆಂದು.

ಒಂದು ಸಂದರ್ಭದಲ್ಲಿ ಮಾತ್ರ ಆತುರದಿಂದ ಗೆಟ್ ಬರೆಸಬಾರದು. ಕೋಹೆನ್, ಅಂದರೆ ಅರ್ಚಕ ವಂಶದವನು, ವಿಚ್ಛೇದಿತೆಯನ್ನು ಮದುವೆಯಾಗುವಂತಿಲ್ಲ. ಅಗತ್ಯವಿಲ್ಲದಿದ್ದರೂ ಮುನ್ನೆಚ್ಚರಿಕೆಗೆಂದು ತೆಗೆದುಕೊಂಡ ಗೆಟ್ ಕೂಡ ಅವಳನ್ನು ವಿಚ್ಛೇದಿತೆಯ ಸಾಲಿಗೆ ಸೇರಿಸಬಹುದು. ಮುಂದೆ ಕೋಹೆನ್ ಒಬ್ಬನನ್ನು ಮದುವೆಯಾಗುವ ಯೋಚನೆ ಅವಳಿಗಿದ್ದರೆ ಅದನ್ನು ಪೀಠದ ಮುಂದೆ ಮೊದಲೇ ಹೇಳಬೇಕು. ಅಲ್ಲಿ ‘ಕಿದ್ದುಶಿನ್ ಆಗಿಯೇ ಇರಲಿಲ್ಲ’ ಎಂಬ ಲಿಖಿತ ತೀರ್ಪು ಗೆಟ್‌ಗಿಂತ ಬೆಲೆಯುಳ್ಳದ್ದು.

ಇಸ್ರೇಲಿನಲ್ಲಿ ಇದೆಲ್ಲ ದೇಶದ ಕಾನೂನಿನೊಳಗೇ ಹೆಣೆದುಕೊಂಡಿದೆ. 1953ರ ಕಾಯ್ದೆಯಂತೆ ಅಲ್ಲಿ ಯಹೂದಿಗಳ ಮದುವೆ, ವಿಚ್ಛೇದನ ಎರಡೂ ಧರ್ಮನ್ಯಾಯಾಲಯಗಳ ಕೈಯಲ್ಲಿವೆ, ದೇಶದೊಳಗೆ ಸರ್ಕಾರಿ ಮದುವೆ ಇಲ್ಲ. ಬೇಕಾದವರು ಸೈಪ್ರಸ್ಸಿಗೆ ಹೋಗಿ ಬರುತ್ತಾರೆ. ಹೊರದೇಶದ ಪ್ರಮಾಣಪತ್ರ ತಂದವರನ್ನು ವಿವಾಹಿತರೆಂದು ನೋಂದಾಯಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 1963ರಲ್ಲಿ ಹೇಳಿತು. ಅಮೆರಿಕದ ಯೂಟಾ ರಾಜ್ಯದ ಅಧಿಕಾರಿ ವೀಡಿಯೊ ಕರೆಯಲ್ಲಿ ಮಾಡಿಸಿದ ಮದುವೆಗಳನ್ನೂ ನೋಂದಾಯಿಸಬೇಕೆಂದು 2023ರಲ್ಲಿ ಹೇಳಿತು. ಹೀಗೆ ಮದುವೆಯಾದ ಇಬ್ಬರು ಯಹೂದಿಗಳು ಬೇರೆಯಾಗಬೇಕಾದರೆ ಹೋಗಬೇಕಾದದ್ದು ಮತ್ತೆ ಧರ್ಮನ್ಯಾಯಾಲಯಕ್ಕೇ. ಅಲ್ಲಿ ರಬ್ಬಿ ಶ್ಲೋಮೊ ದಿಖೋವ್ಸ್ಕಿಯವರ ಪೀಠ 2003ರಲ್ಲಿ ಒಂದು ಹೊಸ ದಾರಿ ತೋರಿತು. ಈ ಮದುವೆ ಮೋಶೆಯ ಧರ್ಮದ ಕಿದ್ದುಶಿನ್ ಅಲ್ಲ, ಆದರೆ ಶೂನ್ಯವೂ ಅಲ್ಲ. ನೋಹನ ಮಕ್ಕಳಿಗೆ, ಅಂದರೆ ಎಲ್ಲ ಮನುಷ್ಯರಿಗೂ ಸಲ್ಲುವ ದಾಂಪತ್ಯ. ಅಂಥ ದಾಂಪತ್ಯ ಒಬ್ಬರು ಬಿಟ್ಟು ಹೊರಟರೆ ಮುಗಿಯುತ್ತದೆ ಎಂದು ರಾಂಬಮ್ ಬರೆದಿದ್ದಾರೆ. ಹಾಗಾಗಿ ಗಂಡ ಗೆಟ್ ಕೊಡಲಿ ಬಿಡಲಿ, ಮದುವೆ ಮುಗಿದಿದೆ ಎಂದು ನ್ಯಾಯಾಲಯವೇ ಘೋಷಿಸಬಹುದು. ಸುಪ್ರೀಂ ಕೋರ್ಟ್ 2006ರಲ್ಲಿ ಇದನ್ನು ಎತ್ತಿಹಿಡಿಯಿತು. ಗೆಟ್ ಕೊಡದೆ ಸತಾಯಿಸುವ ಗಂಡಸಿನ ಕೈಯಿಂದ ಅಸ್ತ್ರ ಕಸಿದುಕೊಂಡ ಈ ತೀರ್ಪು, ರಿವಾಶರ ನಂತರ ಈ ವಿಷಯದಲ್ಲಿ ಬಂದ ಅತ್ಯಂತ ಉಪಯುಕ್ತ ಯೋಚನೆ ಎಂದೇ ನಾನು ತಿಳಿದಿದ್ದೇನೆ.

ಬೇರೆಯಾಗುವವರಷ್ಟೇ ಅಲ್ಲ, ವರ್ಷಗಳ ನಂತರ ಅದೇ ಜೋಡಿ ಧಾರ್ಮಿಕವಾಗಿಯೂ ಮದುವೆಯಾಗಲು ಬಯಸುವುದುಂಟು. ಆಗ ಹಿಂದಿನದನ್ನು ‘ಪೂರ್ತಿ ಮಾಡುವುದು’ ಎಂಬುದಿಲ್ಲ, ಕಿದ್ದುಶಿನ್ ಮೊದಲಿನಿಂದ ಆಗಬೇಕು. ಹೆಣ್ಣು ಏಳು ಶುದ್ಧ ದಿನ ಎಣಿಸಿ ಮಿಕ್ವೆಗೆ ಹೋಗಿಬರಬೇಕು. ಕೆತುಬಾದಲ್ಲಿ ಅವಳ ಸ್ಥಿತಿ, ಮೊತ್ತ ಹೇಗೆ ಬರೆಯಬೇಕೆಂದು ರಬ್ಬಿಯನ್ನು ಮುಂಚಿತವಾಗಿ ಕೇಳಬೇಕು, ಅಚ್ಚಾದ ನಮೂನೆ ತಂದು ತುಂಬಬಾರದು. ಸಾಕ್ಷಿಗಳಾಗಿ ಮಕ್ಕಳನ್ನೋ ಅಣ್ಣತಮ್ಮಂದಿರನ್ನೋ ನಿಲ್ಲಿಸುವ ಆಸೆ ಎಷ್ಟೇ ಇದ್ದರೂ ಅವರು ನಡೆಯುವುದಿಲ್ಲ. ಬೆರಳಲ್ಲಿ ಆಗಲೇ ಇರುವ ಹಳೆಯ ಉಂಗುರವನ್ನೇ ತೆಗೆದು ಮತ್ತೆ ತೊಡಿಸಿದರೆ ಏನೂ ಆಗುವುದಿಲ್ಲ, ಅದು ಆಗಲೇ ಅವಳದು, ಅವಳದನ್ನೇ ಅವಳಿಗೆ ಕೊಟ್ಟು ಕಿದ್ದುಶಿನ್ ಆಗದು. ಹೊಸ ಉಂಗುರ ತರಬೇಕು. ಹಳೆಯದೇ ಬೇಕೆಂದಿದ್ದರೆ ಅವಳು ಮೊದಲು ಅದನ್ನು ಮನಃಪೂರ್ವಕವಾಗಿ, ಮರಳಿಸಬೇಕೆಂಬ ಷರತ್ತಿಲ್ಲದೆ ಅವನಿಗೆ ದಾನ ಕೊಡಬೇಕು, ಅವನು ಅದನ್ನು ತನ್ನದಾಗಿ ಪಡೆದುಕೊಳ್ಳಬೇಕು, ಆಮೇಲೆ ಇಬ್ಬರು ಅರ್ಹ ಸಾಕ್ಷಿಗಳ ಎದುರು ಅವಳ ಬೆರಳಿಗೆ ತೊಡಿಸಬೇಕು.